ಬೇಡ ಎನ್ನುವುದರ ಬೆಲೆ

ಅಕ್ಕ ಎರಡು ರಾತ್ರಿಯಿಂದ ಒಂದು ಪುಟ್ಟ ಚೌಕದ ಮುಂದೆ ಕೂತಿದ್ದಳು. ಅಟ್ಲಾಂಟಾದ ಅವಳ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪರದೆಯ ಮೇಲೆ ಬುಕಿಂಗಿನ ಕೊನೆಯ ಹಂತ. ರೂಮು ಆಯ್ಕೆಯಾಗಿತ್ತು, ಪಾರ್ಕಿನ ಟಿಕೆಟ್ ಆಯ್ಕೆಯಾಗಿತ್ತು. ಊಟದ ಪ್ಲ್ಯಾನ್ ಸೇರಿಸಬೇಕೇ ಎಂಬ ಪ್ರಶ್ನೆಯ ಪಕ್ಕದ ಚೌಕ ಮಾತ್ರ ಉಳಿದಿತ್ತು. ಟಿಕ್ ಹಾಕುವಳು, ಮೊತ್ತ ನೋಡುವಳು, ತೆಗೆಯುವಳು.

“ಲೋ, ಫಿಲಾಸಫಿ ಓದ್ತೀಯಲ್ಲ, ನೀನೇ ಹೇಳು. ಹಾಕ್ಲಾ, ಬೇಡ್ವಾ?”

ಫಿಲಾಸಫಿ ಓದುವವರನ್ನು ಜನ ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಕರೆಯುವುದಿಲ್ಲ. ಅಪ್ಪನ ಗೆಳೆಯರು ಜಾತಕ ತೋರಿಸಿದ್ದುಂಟು, ಅಮ್ಮನ ಗೆಳತಿಯರು ಮನಸ್ಸಿಗೆ ನೆಮ್ಮದಿ ಬರುವ ಪುಸ್ತಕ ಕೇಳಿದ್ದುಂಟು. ನನ್ನ ಪಿಎಚ್‌.ಡಿ. ವಿಷಯ ಕೊಡುಗೆ ಮತ್ತು ಋಣ. ಮಾರ್ಸೆಲ್ ಮಾಸ್ ಎಂಬ ಫ್ರೆಂಚ್ ಚಿಂತಕ 1925ರಲ್ಲಿ ಪ್ರಕಟಿಸಿದ ಕೊಡುಗೆಯ ಮೇಲಿನ ಪ್ರಬಂಧದಿಂದ ಶುರುವಾಗಿ ಎಲ್ಲೆಲ್ಲೋ ಸುತ್ತಿ ಇನ್ನೂ ಮುಗಿಯದ ಕೆಲಸ ಅದು. ಕೊಡುವುದು ಒಂದು ಬಾಧ್ಯತೆ, ತೆಗೆದುಕೊಳ್ಳುವುದೂ ಒಂದು ಬಾಧ್ಯತೆ, ತಿರುಗಿ ಕೊಡುವುದು ಮತ್ತೊಂದು ಎಂದು ಮಾಸ್ ಹೇಳಿದ್ದನ್ನು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಅಕ್ಕನ ಚೌಕ ನನ್ನ ಎರಡನೆಯ ಅಧ್ಯಾಯಕ್ಕೆ ಇಷ್ಟು ಹತ್ತಿರದ್ದು ಎಂದು ಆ ರಾತ್ರಿ ನನಗೆ ಹೊಳೆಯಲಿಲ್ಲ. ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋನಿನ ಕ್ಯಾಲ್ಕುಲೇಟರ್ ತೆಗೆದೆ.

ಅದು 2024ರ ಬೇಸಿಗೆ. ಅಪ್ಪ, ಅಮ್ಮ ತಿಪಟೂರಿನಿಂದ ಮೂರು ತಿಂಗಳಿಗೆಂದು ಅಕ್ಕನ ಮನೆಗೆ ಬಂದಿದ್ದರು. ಅಮೆರಿಕದಲ್ಲೇ ಇನ್ನೊಂದು ರಾಜ್ಯದ ವಿಶ್ವವಿದ್ಯಾಲಯದಲ್ಲಿರುವ ನಾನು ಒಂದು ವಾರದ ಮಟ್ಟಿಗೆ ಅಲ್ಲಿಗೆ ಹೋಗಿದ್ದೆ. ಭಾವನಿಗೆ ರಜೆ ಸಿಕ್ಕಿರಲಿಲ್ಲ. ಅಕ್ಕ, ಅವಳ ಆರು ವರ್ಷದ ಮಗಳು, ಅಪ್ಪ, ಅಮ್ಮ, ನಾನು, ಹೀಗೆ ಐದು ಜನ ಕಾರಿನಲ್ಲಿ ಫ್ಲಾರಿಡಾದ ಆರ್ಲ್ಯಾಂಡೊಗೆ ಹೋಗಿ, ಡಿಸ್ನಿ ವರ್ಲ್ಡಿನ ಒಂದು ಹೋಟೆಲಿನಲ್ಲಿ ಎರಡು ರಾತ್ರಿ ಇದ್ದು ಬರುವುದೆಂದು ತೀರ್ಮಾನವಾಗಿತ್ತು.

ಅಲ್ಲಿನ ಊಟದ ಪ್ಲ್ಯಾನ್ ಹೀಗಿದೆ. ಡಿಸ್ನಿಯ ಹೋಟೆಲಿನಲ್ಲೇ ಉಳಿಯುವವರು ರೂಮಿನ ಜೊತೆ ಊಟಕ್ಕೂ ಮೊದಲೇ ದುಡ್ಡು ಕಟ್ಟಬಹುದು. ಕೊರೊನಾ ಕಾಲದಲ್ಲಿ ನಿಂತಿದ್ದ ಈ ವ್ಯವಸ್ಥೆ 2024ರ ಜನವರಿಯಲ್ಲಿ ಮತ್ತೆ ಶುರುವಾಗಿತ್ತು. ಎರಡು ಬಗೆ. ಕಡಿಮೆಯದರಲ್ಲಿ ಒಬ್ಬರಿಗೆ ಒಂದು ರಾತ್ರಿಯ ಲೆಕ್ಕದಲ್ಲಿ ಎರಡು ಕೌಂಟರ್ ಊಟ, ಒಂದು ತಿಂಡಿ. ಕೌಂಟರ್ ಊಟ ಅಂದರೆ ನಮ್ಮ ದರ್ಶಿನಿಗಳ ಹಾಗೆ, ನಾವೇ ಟ್ರೇ ಹೊತ್ತು ತಂದು ಕೂತು ತಿನ್ನುವುದು. ಇದರ ಜೊತೆ ಇರುವಷ್ಟು ದಿನ ಹೋಟೆಲಿನಲ್ಲಿ ಕಾಫಿಯನ್ನೋ ಸೋಡಾವನ್ನೋ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದಾದ ಒಂದು ಪ್ಲಾಸ್ಟಿಕ್ ಮಗ್. 2024ರಲ್ಲಿ ದೊಡ್ಡವರಿಗೆ ರಾತ್ರಿಗೆ 57.01 ಡಾಲರ್, ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ 23.83 ಇತ್ತು. ಹೆಚ್ಚಿನದರಲ್ಲಿ ಒಂದು ಕೌಂಟರ್ ಊಟದ ಬದಲು ಕುಳಿತಲ್ಲಿಗೆ ತಂದು ಬಡಿಸುವ ಊಟ; ಅದು ಆಗ ದೊಡ್ಡವರಿಗೆ 94.28 ಇತ್ತು. ಅದನ್ನು ನಾವು ಮೊದಲೇ ಕೈಬಿಟ್ಟಿದ್ದೆವು. ಕಡಿಮೆಯದರಲ್ಲಿ ನಾಲ್ವರು ದೊಡ್ಡವರು, ಒಂದು ಮಗು, ಎರಡು ರಾತ್ರಿ ಎಂದರೆ 503 ಡಾಲರ್ 74 ಸೆಂಟ್. ಆಗಿನ ದರದಲ್ಲಿ ನಲವತ್ತೊಂದು ಸಾವಿರ ರೂಪಾಯಿಯ ಮೇಲೆ.

ಅಲ್ಲಿನ ಹೋಟೆಲುಗಳ ಮೆನು, ದರ ಎಲ್ಲವೂ ಆ್ಯಪಿನಲ್ಲೇ ಸಿಗುತ್ತವೆ. ಕೂಡಿಸಿ ನೋಡಿದೆವು. ಒಂದು ಕೌಂಟರ್ ಊಟ, ಪಾನೀಯ ಸೇರಿ ಹೆಚ್ಚು ಕಡಿಮೆ 20 ಡಾಲರ್. ತಿಂಡಿ ಆರೇಳು ಡಾಲರ್. ಮಗ್ ಬೇರೆಯಾಗಿ ಕೊಂಡರೆ ಸುಮಾರು 22. ಎರಡು ರಾತ್ರಿಗೆ ಒಬ್ಬ ದೊಡ್ಡವನು ಬರುವುದನ್ನೆಲ್ಲ ತೆಗೆದುಕೊಂಡರೆ, ಮಗ್ಗನ್ನೂ ಬಿಡದೆ ತೆಗೆದುಕೊಂಡರೆ, ಕಟ್ಟಿದ್ದಕ್ಕೂ ತಿಂದಿದ್ದಕ್ಕೂ ಸರಿಸಮ. ಊಟದ ಜೊತೆ ಬಿಯರ್ ಕುಡಿಯುವವರಿಗೆ ಸ್ವಲ್ಪ ಲಾಭ, ಏಕೆಂದರೆ ಇಪ್ಪತ್ತೊಂದು ದಾಟಿದವರಿಗೆ ಪಾನೀಯದ ಲೆಕ್ಕದಲ್ಲಿ ಅದೂ ಬರುತ್ತದೆ. ಮಗುವಿನ ಮಟ್ಟಿಗಂತೂ ಖಂಡಿತ ಲಾಭ. ಹದಿಹರೆಯದ ಇಬ್ಬರು ಮಕ್ಕಳಿರುವ ಮನೆಯವರು, ದಿನಕ್ಕೆ ಎರಡು ಸಲ ಹೊಟ್ಟೆ ತುಂಬ ಹೊರಗೇ ತಿನ್ನುವವರು, ತಿಂಗಳು ತಿಂಗಳು ಕೂಡಿಟ್ಟು ಹೊರಟವರು, ಅಲ್ಲಿ ಹೋದ ಮೇಲೆ ಎಷ್ಟು ಕೈಬಿಡುತ್ತದೋ ಎಂದು ಹೆದರುವವರು, ಇವರಿಗೆ ಈ ಪ್ಲ್ಯಾನ್ ಒಗ್ಗುತ್ತದೆ. ಮೊದಲೇ ಗೊತ್ತಿರುವ ಖರ್ಚು ಎನ್ನುವುದು ಸಣ್ಣ ನೆಮ್ಮದಿಯಲ್ಲ.

ನಮ್ಮದು ಬೇರೆ. ಮೊದಲ ದಿನ ತಲುಪುವಷ್ಟರಲ್ಲಿ ಸಂಜೆ. ಮೂರನೆಯ ದಿನ ಮಧ್ಯಾಹ್ನಕ್ಕೆ ಹೊರಡಬೇಕು, ಆರೇಳು ತಾಸಿನ ದಾರಿ. ನಡುವೆ ಇರುವುದು ಒಂದೇ ಪೂರ್ತಿ ದಿನ. ಆ ದಿನ ಏಕಾದಶಿ.

ಅಮ್ಮ ಏಕಾದಶಿಯ ದಿನ ಹಣ್ಣು ಹಾಲು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. “ಹಾಗಾದ್ರೆ ಅಮ್ಮನ್ನ ಬಿಟ್ಟು ಉಳಿದವರಿಗೆ ಹಾಕು” ಎಂದೆ. ಹಾಗೆ ಬರುವುದಿಲ್ಲ. ಆಗ ಒಂದು ಬುಕಿಂಗಿನಲ್ಲಿ ಮೂರು ವರ್ಷ ದಾಟಿದವರು ಎಷ್ಟು ಜನ ಇದ್ದರೋ ಅಷ್ಟೂ ಜನಕ್ಕೆ, ಇರುವ ಅಷ್ಟೂ ರಾತ್ರಿಗೆ ಕಟ್ಟಬೇಕಿತ್ತು. ಉಪವಾಸ ಇರುವವರೂ ಊಟಕ್ಕೆ ಕಟ್ಟಬೇಕು. ಒಬ್ಬರ ಪಾಲನ್ನು ಇನ್ನೊಬ್ಬರು ತಿನ್ನಬಹುದು, ಅದಕ್ಕೆ ಅಡ್ಡಿಯಿಲ್ಲ. ಹೊರಡುವ ದಿನದ ನಡುರಾತ್ರಿಯೊಳಗೆ ತಿನ್ನದಿದ್ದದ್ದು ಹೋಯಿತು, ಹಣ ವಾಪಸಿಲ್ಲ.

“ಬೇಡ ಬಿಡು, ನಷ್ಟ” ಎಂದು ನಾನು ಫೋನು ಕೆಳಗಿಟ್ಟೆ.

ಅಕ್ಕ ಮಗಳು ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು. “ನಷ್ಟ ಅಂತ ನನಗೂ ಗೊತ್ತು ಕಣೋ. ಅಪ್ಪ ತಿನ್ನಲಿ ಅಂತ.”

ಹಿಂದಿನ ಶನಿವಾರ ನಡೆದದ್ದು ಅವಳ ಮನಸ್ಸಿನಲ್ಲಿತ್ತು. ಊರಾಚೆಯ ಒಂದು ದಕ್ಷಿಣ ಭಾರತದ ಹೋಟೆಲಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿದ್ದಳು. ಅಪ್ಪ ಮೆನು ಕೈಗೆ ತೆಗೆದುಕೊಂಡು ಬಲಗಡೆಯ ಕಾಲಂ ಓದಿದರು. ಮಸಾಲೆ ದೋಸೆ 14 ಡಾಲರ್. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದ ಕ್ಯಾಷ್ ಶಾಖೆಯಲ್ಲಿ ಇಡೀ ಸರ್ವೀಸು ಮುಗಿಸಿದವರು. ಕಂಡಕ್ಟರುಗಳು ತಂದು ಸುರಿದ ಚಿಲ್ಲರೆಯನ್ನು ವೇ ಬಿಲ್ಲಿನ ಜೊತೆ ತಾಳೆ ನೋಡುವುದೇ ಅವರ ಕೆಲಸವಾಗಿತ್ತು. ಎಂಬತ್ತಮೂರರಿಂದ ಗುಣಿಸಲು ಅವರಿಗೆ ಕ್ಯಾಲ್ಕುಲೇಟರ್ ಬೇಡ. “ಒಂದು ದೋಸೆಗೆ ಸಾವಿರದ ನೂರು ಚಿಲ್ಲರೆ” ಎಂದು ಯಾರನ್ನೂ ಉದ್ದೇಶಿಸದೆ ಅಂದರು. ಆಮೇಲೆ, “ನಂಗ್ಯಾಕೋ ಹಸಿವಿಲ್ಲಮ್ಮ, ಒಂದು ಕಾಫಿ ಸಾಕು” ಎಂದರು. ಅಕ್ಕ ಏನು ಹೇಳಿದರೂ ಒಪ್ಪಲಿಲ್ಲ. ಮನೆಗೆ ಬಂದ ಮೇಲೆ ಬೆಳಗಿನ ಉಪ್ಪಿಟ್ಟು ಬಿಸಿ ಮಾಡಿಕೊಂಡು ತಿಂದದ್ದನ್ನು ಅಕ್ಕ ನೋಡಿದ್ದಳು.

ಅವಳ ಯೋಚನೆ ಸರಳ. ದುಡ್ಡು ಮೊದಲೇ ಕಟ್ಟಿಬಿಟ್ಟರೆ ಅಪ್ಪನ ಎದುರು ಯಾವ ಬಿಲ್ಲೂ ಬರುವುದಿಲ್ಲ. ಪ್ಯಾಕೇಜಿನಲ್ಲೇ ಬಂತು ಅಪ್ಪ, ಬಿಟ್ಟರೆ ಸುಮ್ಮನೆ ಹೋಗುತ್ತೆ ಅಂದರೆ ಸಾಕು, ತಿನ್ನುತ್ತಾರೆ. ಅವರು ಅನ್ನ ಹಾಳುಮಾಡುವ ಜನವಲ್ಲ.

ಇದು ಕೆಲಸ ಮಾಡುತ್ತಿತ್ತು. ಅದರಲ್ಲಿ ನನಗೆ ಅನುಮಾನವಿಲ್ಲ. ದುಡ್ಡು ಕೊಡುವ ನೋವು ಎನ್ನುವುದರ ಬಗ್ಗೆ ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ ಎಂಬ ಇಬ್ಬರು 1998ರಲ್ಲಿ ಬರೆದ ಒಂದು ಲೇಖನವಿದೆ. ಮೊದಲೇ ಕೊಟ್ಟ ಪ್ರವಾಸ ಪುಕ್ಕಟೆಯೆಂಬಂತೆ ಭಾಸವಾಗುತ್ತದೆ ಎಂಬುದು ಅವರ ವಾದದ ಒಂದು ಎಳೆ. ಡಿಸ್ನಿಯವರಿಗೆ ಈ ಲೇಖನ ಓದುವ ಅಗತ್ಯವಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪ್ರತಿ ಆಟಕ್ಕೂ ಬೇರೆ ಟಿಕೆಟ್ ಇತ್ತು. ಸ್ವಲ್ಪ ಕಾಲದಲ್ಲೇ ಟಿಕೆಟ್ಟುಗಳ ಪುಸ್ತಕ ಬಂತು. ಸಾಧಾರಣ ಆಟಕ್ಕೆ ಎ, ಒಳ್ಳೆಯದಕ್ಕೆ ಬಿ, ಸಿ, ಹೀಗೆ 1959ರ ಹೊತ್ತಿಗೆ ಇ ವರೆಗೆ. ಎಲ್ಲರೂ ಇ ಟಿಕೆಟ್ಟನ್ನು ಮೊದಲು ಖಾಲಿ ಮಾಡುತ್ತಿದ್ದರು, ಎ ಮತ್ತು ಬಿ ಟಿಕೆಟ್ಟುಗಳು ಮನೆಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿದ್ದವು. 1982ರಲ್ಲಿ ಪುಸ್ತಕಗಳು ಹೋಗಿ ಒಂದೇ ಪ್ರವೇಶ ದರ ಬಂತು. ಒಳಗೆ ಹೋದ ಮೇಲೆ ಯಾವ ಆಟದ ಎದುರೂ ಬೆಲೆ ನೆನಪಾಗಬಾರದು ಎಂಬುದು ಈ ಜಾಗದ ಒಟ್ಟು ಸ್ವಭಾವ. ಊಟದ ಪ್ಲ್ಯಾನ್ ಅದೇ ಬುದ್ಧಿಯ ಮುಂದುವರಿಕೆ, ಟಿಕೆಟ್ ಪುಸ್ತಕ ಮಾತ್ರ ಬೇರೆ ವೇಷದಲ್ಲಿ ವಾಪಸು ಬಂದಿದೆ.

ಹಾಗಾದರೆ ಅಕ್ಕನ ಯೋಚನೆಯಲ್ಲಿ ತಪ್ಪೇನು? ಉಡುಗೊರೆ ಕೊಡುವಾಗ ನಾವು ಬೆಲೆಯ ಚೀಟಿ ಕಿತ್ತು ಕೊಡುತ್ತೇವೆ. ಮದುವೆ ಮನೆಯಲ್ಲಿ ಒಂದು ಎಲೆಗೆ ಎಷ್ಟಾಯಿತು ಎಂದು ಉಣ್ಣುವವರಿಗೆ ಹೇಳುವುದಿಲ್ಲ. ಬೆಲೆ ಮುಚ್ಚಿಡುವುದು ಆತಿಥ್ಯದ ಒಂದು ಮರ್ಯಾದೆ. ಅಕ್ಕನೂ ಅದನ್ನೇ ಕೇಳುತ್ತಿದ್ದಳು. “ನನ್ನನ್ನ ಓದಿಸೋಕೆ ಅಪ್ಪ ಸೊಸೈಟಿ ಸಾಲ ಮಾಡಿದ್ರು. ಎಷ್ಟು ಅಂತ ಇವತ್ತಿಗೂ ಹೇಳಿಲ್ಲ. ನಾನು ಮಾತ್ರ ಯಾಕೆ ಬಿಲ್ ತೋರಿಸಬೇಕು?”

ಇದಕ್ಕೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಮಲಗಿದ ಮೇಲೂ ಯೋಚಿಸಿದೆ. ಬೆಲೆ ಮುಚ್ಚಿಡುವುದರಲ್ಲಿ ತಪ್ಪಿಲ್ಲ ಎಂದೇ ಈಗಲೂ ಅನ್ನಿಸುತ್ತದೆ. ತಪ್ಪು ಅವಳ ಮಾತಿನ ಇನ್ನೊಂದು ತುಂಡಿನಲ್ಲಿತ್ತು: ಬಿಟ್ಟರೆ ಸುಮ್ಮನೆ ಹೋಗುತ್ತೆ.

ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರಜ್ಞ (2017ರಲ್ಲಿ ನೊಬೆಲ್ ಬಂತು) 1980ರ ಒಂದು ಲೇಖನದಲ್ಲಿ ಪಿಜ್ಜಾ ಅಂಗಡಿಯ ಒಂದು ಪ್ರಯೋಗ ಹೇಳುತ್ತಾನೆ. ಒಂದೇ ದರಕ್ಕೆ ಎಷ್ಟು ಬೇಕಾದರೂ ತಿನ್ನಬಹುದಾದ ಅಂಗಡಿ. ಕೆಲವರಿಗೆ ಮಾತ್ರ ಆ ಊಟ ಪುಕ್ಕಟೆ ಎಂದರು. ದುಡ್ಡು ಕೊಟ್ಟವರು ಪುಕ್ಕಟೆ ತಿಂದವರಿಗಿಂತ ಹೆಚ್ಚು ತಿಂದರು. ಹೊಟ್ಟೆ ಎಲ್ಲರದೂ ಒಂದೇ, ಪಿಜ್ಜಾ ಒಂದೇ. ದುಡ್ಡು ಕೊಟ್ಟಾಗಿದೆ ಎಂಬುದು ಮಾತ್ರ ಬೇರೆ. ಇದನ್ನು ಓದಿದಾಗ ನನಗೆ ಮೈಸೂರಿನಲ್ಲಿ ಎಂ.ಎ. ಓದುವಾಗಿನ ಹಾಸ್ಟೆಲ್ ಮೆಸ್ ನೆನಪಾಗಿತ್ತು. ತಿಂಗಳ ದುಡ್ಡು ಮೊದಲೇ ಕಟ್ಟಿರುತ್ತಿದ್ದೆವು. ಜ್ವರ ಬಂದು ಮಲಗಿದ್ದ ಗೆಳೆಯನೊಬ್ಬ ಭಾನುವಾರದ ವಿಶೇಷ ಊಟಕ್ಕೆ ಕಂಬಳಿ ಹೊದ್ದುಕೊಂಡೇ ಇಳಿದು ಬಂದಿದ್ದ. ಬಾಯಿಗೆ ರುಚಿಯಿಲ್ಲ ಎನ್ನುತ್ತಲೇ ಪೂರ್ತಿ ತಿಂದ. “ಕಟ್ಟಿದ್ದೀನಲ್ಲ ಮಾರಾಯ” ಎಂದ.

ಮೊದಲೇ ಕಟ್ಟಿದ ಊಟದಲ್ಲಿ ‘ಬೇಕು’ ಎನ್ನುವುದು ಪುಕ್ಕಟೆಯಾಗುತ್ತದೆ, ‘ಬೇಡ’ ಎನ್ನುವುದಕ್ಕೆ ಬೆಲೆ ಬರುತ್ತದೆ. ಹೋಟೆಲಿನಲ್ಲಿ ಕೂತು ದೋಸೆ ಬೇಡ ಎಂದರೆ ಅಪ್ಪ ಹದಿನಾಲ್ಕು ಡಾಲರ್ ಉಳಿಸಿದ ಮನುಷ್ಯ. ಪ್ಲ್ಯಾನ್ ಇದ್ದು ಬೇಡ ಎಂದರೆ ಮಗಳ ಇಪ್ಪತ್ತು ಡಾಲರ್ ಹಾಳುಮಾಡಿದ ಮನುಷ್ಯ. ಎರಡೂ ಕಡೆ ಹೊಟ್ಟೆಯ ಸ್ಥಿತಿ ಒಂದೇ. ಅಕ್ಕ ಅಪ್ಪನ ಮೇಲಿದ್ದ ಭಾರ ಇಳಿಸಲಿಲ್ಲ, ಈ ಕಡೆಯ ಹೆಗಲಿನಿಂದ ಆ ಕಡೆಯ ಹೆಗಲಿಗೆ ಬದಲಾಯಿಸುತ್ತಿದ್ದಳು. ಅದೂ ಅವರ ಮಿತವ್ಯಯವನ್ನೇ ಅವರ ವಿರುದ್ಧ ಹೂಡಿ. ಜೀವನವಿಡೀ ಯಾವುದನ್ನೂ ಹಾಳುಮಾಡದೆ ಬದುಕಿದ ಗುಣವನ್ನು ಹಿಡಿದು ಅವರನ್ನು ತಿನ್ನಿಸುವುದು ನನಗೆ ಇಷ್ಟವಾಗಲಿಲ್ಲ. ಮಕ್ಕಳಿಗೆ ಔಷಧಿ ಕುಡಿಸುವಾಗ ಇಂಥ ಉಪಾಯ ಮಾಡುತ್ತೇವೆ, ತಪ್ಪಲ್ಲ. ಎಪ್ಪತ್ತರ ಹತ್ತಿರದ ಅಪ್ಪನಿಗೆ?

ಪಂಕ್ತಿಯ ಊಟದಲ್ಲೂ ಬಾಧ್ಯತೆ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಧರ್ಮಸ್ಥಳದ ಛತ್ರದಲ್ಲಿ ಊಟಕ್ಕೆ ಯಾರೂ ದುಡ್ಡು ಕೇಳುವುದಿಲ್ಲ, ಆದರೂ ಹಾಕಿಸಿಕೊಂಡದ್ದನ್ನು ಬಿಟ್ಟು ಏಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ನಿಜ. ಅಲ್ಲಿ ಒಂದು ಕ್ಷಣವಿದೆ. ಬಡಿಸುವವರು ಬಂದಾಗ ಅಂಗೈ ಅಡ್ಡ ಹಿಡಿದು ಸಾಕು ಎನ್ನುವ ಕ್ಷಣ. ಅಲ್ಲಿಯ ತನಕ ಬಾಧ್ಯತೆಯಿಲ್ಲ, ಅನ್ನ ಬಿದ್ದ ಮೇಲಿನಿಂದ ಇದೆ. ಎಷ್ಟು ಹೊಣೆ ಹೊರಬೇಕೆಂದು ಉಣ್ಣುವವನು ತನ್ನ ಕೈಯಿಂದಲೇ ನಿರ್ಧರಿಸುತ್ತಾನೆ. ಡಿಸ್ನಿಯ ಪ್ಲ್ಯಾನಿನಲ್ಲಿ ಇನ್ನೊಬ್ಬರು ನಮ್ಮ ಪರವಾಗಿ, ಹೊರಡುವ ಮೊದಲೇ, ಹಸಿವಿಲ್ಲದ ಹೊತ್ತಿನಲ್ಲಿ ಎಲೆ ತುಂಬ ಬಡಿಸಿಟ್ಟಿರುತ್ತಾರೆ. ಅಡ್ಡ ಹಿಡಿಯಲು ಕೈ ಅಲ್ಲಿ ಇರುವುದೇ ಇಲ್ಲ.

ಅಮ್ಮನ ಏಕಾದಶಿಯನ್ನು ಈ ದೃಷ್ಟಿಯಿಂದ ನೋಡಿದರೆ ಇನ್ನೂ ವಿಚಿತ್ರ. ಉಪವಾಸ ಎನ್ನುವುದು ಇಡೀ ದಿನಕ್ಕೆ ಹೇಳುವ ಒಂದೇ ಬೇಡ. ಅದಕ್ಕೆ ಬೆಲೆ ಇರಬಾರದು ಎಂದೇನಿಲ್ಲ, ಹಸಿವೇ ಅದರ ಬೆಲೆ. ಆದರೆ ಆ ಬೆಲೆಯನ್ನು ಅಮ್ಮ ತಾನು ಕೊಡುತ್ತಾಳೆ. ಮಗಳ ಕೈಯಿಂದ ಐವತ್ತೇಳು ಡಾಲರ್ ಕೊಡಿಸಿ ಉಪವಾಸ ಮಾಡಬೇಕಾದರೆ, ನನಗೆ ಗೊತ್ತು, ಅವಳು ಉಪವಾಸವನ್ನು ಮುಂದಿನ ಏಕಾದಶಿಗೆ ಹಾಕುತ್ತಿದ್ದಳು. ಯಾರೂ ಬಲವಂತ ಮಾಡದೆ.

ಬೆಳಿಗ್ಗೆ ಎದ್ದು ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡದೆ ಕೇಳಿಸಿಕೊಂಡಳು. ಆಮೇಲೆ, “ನಿಂಗೆ ಹೇಳೋಕೆ ಸುಲಭ. ನೀನು ಯಾವತ್ತಾದ್ರೂ ಅವರಿಗೆ ಊಟ ಕೊಡಿಸಿದ್ದೀಯಾ?” ಎಂದಳು. ನನ್ನ ಸ್ಟೈಪೆಂಡಿನಲ್ಲಿ ನಾನು ಕೊಡಿಸಿದ್ದು ವಿಮಾನ ನಿಲ್ದಾಣದಲ್ಲಿ ಎರಡು ಕಾಫಿ. ಅವಳು ಮುಂದುವರಿಸಿದಳು. “ಒಂದೇ ಒಂದು ಸಲ, ಎರಡು ದಿನ, ಲೆಕ್ಕ ಇಲ್ಲದೆ ಅವರು ತಿನ್ನೋದನ್ನ ನೋಡಬೇಕು ಅನ್ನಿಸತ್ತೆ ನನಗೆ. ಅದು ಅವರಿಗೋಸ್ಕರ ಅಲ್ಲ ಅಂತ್ಲೇ ಇಟ್ಕೊ. ನನಗೋಸ್ಕರ.”

ಕೊಡುವವರಿಗೂ ಹಸಿವಿರುತ್ತದೆ. ನನ್ನ ಇಡೀ ರಾತ್ರಿಯ ವಾದದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇಬ್ಬರೂ ಸೇರಿ ಒಂದು ವಿಷಯಕ್ಕೆ ಒಪ್ಪಿದೆವು: ಅಪ್ಪನಿಗೆ ಹೇಳಿಬಿಡುವುದು. ಪ್ಯಾಕೇಜಿನಲ್ಲೇ ಬಂತು ಎಂಬ ಸುಳ್ಳು ಬೇಡ.

ಅಪ್ಪ ಕನ್ನಡಕ ಹಾಕಿಕೊಂಡು ಕೂತು, ಮೊಮ್ಮಗಳ ಡ್ರಾಯಿಂಗ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡರು. ಪ್ಲ್ಯಾನಿನ ವಿವರ ಒಂದೊಂದೇ ಕೇಳಿದರು. ನಾನು ಲಾಭನಷ್ಟದ ಬಿಂದು ಹುಡುಕಿದ್ದೆ. ಅವರು ಹಾಳೆಯ ಮೇಲೆ ಐದು ಹೆಸರು ಬರೆದು, ಯಾವ ಹೊತ್ತಿಗೆ ಯಾರು ಏನು ತಿನ್ನುತ್ತಾರೆ ಎಂದು ಬರೆಯುತ್ತಾ ಹೋದರು. ಅಮ್ಮನ ಎದುರು ನಡುವಿನ ದಿನಕ್ಕೆ ‘ಬಾಳೆಹಣ್ಣು, ಹಾಲು’. ಮೊಮ್ಮಗಳ ಎದುರು ಅವಳನ್ನೇ ಕರೆದು ಕೇಳಿ ‘ಐಸ್‌ಕ್ರೀಂ, ಮಿಕ್ಕಿದ್ದು ನೋಡೋಣ’. ಅವರು ಕೇಳಿದ ಪ್ರಶ್ನೆಗಳು ಮೂರು. ಉಳಿದರೆ ವಾಪಸು ಕೊಡ್ತಾರಾ? ಇಲ್ಲ. ರಾತ್ರಿ ಲೆಕ್ಕ ಯಾಕೆ, ಊಟ ಮಾಡೋದು ಹಗಲಲ್ಲಿ ಅಲ್ವಾ? ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರನೆಯದು: ಬುತ್ತಿ ಒಳಗೆ ಬಿಡ್ತಾರಾ?

ಬಿಡುತ್ತಾರೆ. ಗಾಜಿನ ಡಬ್ಬಿ, ಮದ್ಯ, ಅಲ್ಲೇ ಬಿಸಿ ಮಾಡಬೇಕಾದ ಪದಾರ್ಥ ಇಲ್ಲದಿದ್ದರೆ ಮನೆಯ ಊಟ ಒಯ್ಯಬಹುದು. ಕೌಂಟರುಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ. ಅಪ್ಪನಿಗೆ ಇದು ನಂಬಲಾಗದ ಸಂಗತಿ. ನಮ್ಮ ಕಡೆಯ ಇಂಥ ಪಾರ್ಕುಗಳ ಗೇಟಿನಲ್ಲಿ ಚಪಾತಿ ಪೊಟ್ಟಣ ಇಳಿಸಿಕೊಂಡ ಅನುಭವ ಅವರಿಗಿದೆ. “ದೊಡ್ಡ ಮನಸ್ಸು ಕಣೋ ಇವರದ್ದು” ಎಂದು ಆ ಕಂಪನಿಯ ಬಗ್ಗೆ ಮೊದಲ ಸಲ ಒಳ್ಳೆಯ ಮಾತಾಡಿದರು.

ಆಮೇಲೆ ಹಾಳೆ ಮಡಚಿ, “ಇದು ಬೇಡ. ಒಂದು ಕೆಲಸ ಮಾಡಿ. ದುಡ್ಡು ನನ್ನ ಕೈಗೆ ಕೊಡಿ” ಎಂದರು.

ಅಕ್ಕನಿಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಡಿಸ್ನಿಯ ಗಿಫ್ಟ್ ಕಾರ್ಡ್ ಎಂಬುದೊಂದಿದೆ ಎಂದು ಭಾವ ಹಿಂದಿನ ದಿನ ಅಂದದ್ದನ್ನು ಕೇಳಿಸಿಕೊಂಡಿದ್ದರು. ಅದಕ್ಕೆ 300 ಡಾಲರ್ ಹಾಕಿ ಅವರಿಗೆ ಕೊಡಬೇಕು. ಅವರು ನನ್ನ ಊರಿನ ಬ್ಯಾಂಕ್ ಖಾತೆಗೆ ಇಪ್ಪತ್ತೈದು ಸಾವಿರ ಹಾಕುತ್ತಾರೆ, ಪೆನ್ಷನ್ ದುಡ್ಡು. ಅಲ್ಲಿ ಎಲ್ಲರ ಊಟ ತಿಂಡಿಗೂ ಅವರೇ ಕೊಡುತ್ತಾರೆ. ಅಕ್ಕನ ಮುಖ ಸಣ್ಣದಾಯಿತು. “ನಮ್ಮನೆಗೆ ಬಂದು ನೀವು ಖರ್ಚು ಮಾಡೋದಾ ಅಪ್ಪ?” ಎಂದಳು. “ರೂಮು ನಿಂದು, ಟಿಕೆಟ್ಟು ನಿಂದು, ಪೆಟ್ರೋಲು ನಿಂದು. ಊಟ ನಂದು” ಎಂದು ಅವರು ಎದ್ದುಬಿಟ್ಟರು.

ಕಾರ್ಡೂ ಮೊದಲೇ ಕೊಟ್ಟ ದುಡ್ಡೇ. ನಾನು ಇದನ್ನು ಗಮನಿಸದೆ ಇಲ್ಲ. ಆದರೆ ಅದು ನಡುರಾತ್ರಿಗೆ ಸಾಯುವುದಿಲ್ಲ, ಅದಕ್ಕೆ ಅವಧಿ ಇಲ್ಲ. ಒಬ್ಬರು ಉಪವಾಸವಿದ್ದರೆ ಅದರಲ್ಲಿ ಅಷ್ಟು ಉಳಿದಿರುತ್ತದೆ.

ಪ್ರವಾಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಿಸಿಲು, ಕ್ಯೂ, ಮಧ್ಯಾಹ್ನ ಮೂರರ ಹೊತ್ತಿಗೆ ಸುರಿದ ಮಳೆ. ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ಮರದ ನೆರಳಿನಲ್ಲಿ ಪುಳಿಯೋಗರೆ, ಮೊಸರನ್ನ. ಅಮ್ಮ ಎರಡು ಬಾಳೆಹಣ್ಣು ತಿಂದು, ಅನಾನಸ್ಸಿನ ತಣ್ಣನೆಯ ಸಿಹಿಯೊಂದನ್ನು ಧಾನ್ಯ ಇದೆಯೇ ಎಂದು ನನ್ನಿಂದ ಕೌಂಟರಿನಲ್ಲಿ ಕೇಳಿಸಿ, ಇಲ್ಲ ಎಂದ ಮೇಲೆ ಅರ್ಧ ತಿಂದಳು. ಸಂಜೆ ಮೊಮ್ಮಗಳು ತಾತನ ಕೈ ಹಿಡಿದು ಗಾಡಿಯ ಮುಂದೆ ನಿಲ್ಲಿಸಿದಳು. ಮಿಕ್ಕಿಯ ಮುಖದ ಆಕಾರದ, ಚಾಕೊಲೇಟ್ ಹೊದ್ದ ಐಸ್‌ಕ್ರೀಂ. ಅಪ್ಪ ಬೆಲೆ ನೋಡಿದರು, ತುಟಿ ಅಲುಗಿತು, ಗುಣಾಕಾರ ಮುಗಿಯಿತು. “ಐನೂರು ರೂಪಾಯಿಯ ಮೇಲಾಯ್ತು ಒಂದು ಐಸ್‌ಕ್ಯಾಂಡಿ!” ಎಂದವರೇ ಕಾರ್ಡ್ ಮುಂದೆ ಚಾಚಿ ಎರಡು ಬೆರಳು ತೋರಿಸಿದರು. ಇನ್ನೊಂದು ಅಕ್ಕನಿಗೆ. ಅಕ್ಕ ಮೂವತ್ತಾರನೆಯ ವಯಸ್ಸಿನಲ್ಲಿ ಅಪ್ಪ ಕೊಡಿಸಿದ ಐಸ್‌ಕ್ರೀಮಿನ ಮಿಕ್ಕಿಯ ಕಿವಿ ಕಚ್ಚುತ್ತಾ ನಿಂತದ್ದು ನನ್ನ ಫೋನಿನಲ್ಲಿದೆ.

ತಿಪಟೂರಿಗೆ ಹೋದ ಮೇಲೆ ಅಪ್ಪ ಎಲ್ಲರಿಗೂ ಹೇಳುತ್ತಿರುವುದು ಆ ಐಸ್‌ಕ್ರೀಮಿನ ಬೆಲೆಯನ್ನೇ. ಕೋಟೆ, ಬಾಣಬಿರುಸು ಯಾವುದೂ ಅವರ ಕತೆಯಲ್ಲಿ ಇಲ್ಲ. ಐನೂರು ಕೊಟ್ಟು ಕೊಡಿಸಿದೆ ಎನ್ನುವಾಗ ದನಿಯಲ್ಲಿ ದೂರೂ ಇದೆ, ಹೆಮ್ಮೆಯೂ ಇದೆ. ಪ್ಲ್ಯಾನ್ ಹಾಕಿದ್ದರೆ ಅದು ಒಂದು ತಿಂಡಿಯ ಲೆಕ್ಕದಲ್ಲಿ ಕಳೆದುಹೋಗಿ, ಹೇಳಲು ಏನೂ ಇರುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಗೆದ್ದ ಹಾಗೆ ಕಾಣುತ್ತದೆ. ವಾಪಸು ಬಂದ ರಾತ್ರಿ ಅಪ್ಪ ಅದೇ ಹಾಳೆಯ ಹಿಂಭಾಗದಲ್ಲಿ ಖರ್ಚು ಬರೆದರು. ಕಾರ್ಡಿನಲ್ಲಿ ಹೋದದ್ದು 214, ಉಳಿಕೆ 86. “ಐನೂರ ಮೂರು ಎಲ್ಲಿ, ಇನ್ನೂರ ಹದಿನಾಲ್ಕು ಎಲ್ಲಿ!” ಎಂದು ನಾನು ಉತ್ಸಾಹದಿಂದ ಅಂದೆ.

“ಅಮ್ಮ ಎಷ್ಟು ಗಂಟೆಗೆ ಎದ್ದಳು ಗೊತ್ತಾ ನಿಂಗೆ?” ಎಂದಳು ಅಕ್ಕ.

ನನಗೆ ಗೊತ್ತಿರಲಿಲ್ಲ. ಹೊರಟ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೂವತ್ತು ಚಪಾತಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಹೋಟೆಲಿನ ರೂಮಿನಲ್ಲೂ ನಾವೆಲ್ಲ ಮಲಗಿದ್ದಾಗ ಮೈಕ್ರೊವೇವಿನಲ್ಲಿ ಅನ್ನ ಮಾಡಿ ಕಲಸಿ ಡಬ್ಬಿಗೆ ತುಂಬಿದ್ದಾಳೆ. ಅದೂ ಏಕಾದಶಿಯ ದಿನ, ತಾನು ತಿನ್ನದ ಅನ್ನ. “ನೀನು ಬೇಡ ಅನ್ನೋದಕ್ಕೆ ಬೆಲೆ ಇರಬಾರದು ಅಂದೆಯಲ್ಲ, ಪ್ಲ್ಯಾನ್ ಬೇಡ ಅಂದಿದ್ದಕ್ಕೆ ಬೆಲೆ ಕೊಟ್ಟಿದ್ದು ಅವಳು. ಹೆಂಗಸರ ಕೆಲಸ ಅಪ್ಪನ ಲೆಕ್ಕದಲ್ಲೂ ಇಲ್ಲ, ನಿನ್ನ ಫಿಲಾಸಫಿಯಲ್ಲೂ ಇಲ್ಲ.”

ನಾನು ಅಮ್ಮನ ಮುಖ ನೋಡಿದೆ. “ಅದಕ್ಕೇನು ಲೆಕ್ಕ, ಮನೇಲಿದ್ರೂ ಮಾಡ್ತಿರಲಿಲ್ವಾ” ಎಂದಳು. ಅದು ಅಕ್ಕನ ಮಾತಿಗೆ ಉತ್ತರವಲ್ಲ, ಪುರಾವೆ. ಅಮ್ಮನಿಗೆ ಅಡಿಗೆ ಬೇಡ ಎನ್ನುವ ಅವಕಾಶ ಯಾರೂ ಕೊಟ್ಟಿರಲಿಲ್ಲ. ಅಪ್ಪ ಐದು ಹೆಸರು ಬರೆದು ಯಾರು ಏನು ತಿನ್ನುತ್ತಾರೆ ಎಂದು ಕೇಳಿದರು, ಯಾರು ಮಾಡುತ್ತಾರೆ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಾಸ್‌ನ ಪ್ರಬಂಧದ ಬಗ್ಗೆ ನಾನು ಬರೆದಿಟ್ಟಿದ್ದ ಅರವತ್ತು ಪುಟಗಳಲ್ಲಿ ಕೊಡುವವರು ಇದ್ದಾರೆ, ತೆಗೆದುಕೊಳ್ಳುವವರು ಇದ್ದಾರೆ. ಬೆಳಿಗ್ಗೆ ನಾಲ್ಕಕ್ಕೆ ಏಳುವವರು ಇಲ್ಲ. ಎರಡನೆಯ ಅಧ್ಯಾಯವನ್ನು ಈಗ ಮತ್ತೆ ಬರೆಯುತ್ತಿದ್ದೇನೆ.

86 ಡಾಲರಿನ ಕಾರ್ಡ್ ಅಕ್ಕನ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ. ಅದರಲ್ಲಿ ಇಡ್ಲಿ ಅಕ್ಕಿ ಕೊಳ್ಳಬಹುದಾ ಎಂದು ಅಮ್ಮ ವಿಚಾರಿಸಿದ್ದಳು. ಬರುವುದಿಲ್ಲ. ಅಪ್ಪ, ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ವಿಡಿಯೋ ಕರೆಯಲ್ಲಿ ಅಕ್ಕ ಎಲ್ಲರೆದುರು ಘೋಷಿಸಿದಳು: ಮುಂದಿನ ಸಲ ನೀವು ಬಂದಾಗ ಯಾರನ್ನೂ ಕೇಳುವುದಿಲ್ಲ, ಆ ಚೌಕಕ್ಕೆ ಟಿಕ್ ಹಾಕಿಯೇ ಬುಕ್ ಮಾಡುತ್ತೇನೆ, ಅಮ್ಮ ಒಂದು ಚಪಾತಿಯನ್ನೂ ಲಟ್ಟಿಸಬಾರದು.

ಅಪ್ಪ ಸೂಟ್‌ಕೇಸಿನ ತೂಕ ನೋಡುತ್ತಿದ್ದರು. “ಹಾಕ್ಕೊಮ್ಮ, ಹಾಕ್ಕೊ. ಪಂಚಾಂಗ ನೋಡ್ಕೊಂಡು ಹಾಕು” ಎಂದರು.